ಯಂತ್ರದ ಮೊದಲ ಮಾತು: ಸೋಸಲೆಯ ಒಂದು ಗಣಕಯಂತ್ರವನ್ನು ಕುರಿತು

ತಿರುಮಕೂಡಲು ನರಸೀಪುರಕ್ಕೆ ಅನತಿದೂರದಲ್ಲಿರುವ ಸೋಸಲೆಯು ವಿದ್ವತ್ತಿಗೆ ಹೆಸರಾದ ಊರು. ವ್ಯಾಸತೀರ್ಥರ ಪರಂಪರೆಗೆ ಸೇರಿದ ಮಠವೊಂದು ಇಂದಿಗೂ ಸೋಸಲೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಕವಿ ಅಯ್ಯಾಶಾಸ್ತ್ರಿಗಳ (1854–1934) ಹೆಸರಿನ ಮುಂದೆಯೂ ಈ ಊರಿನ ಹೆಸರೇ ನಿಂತಿದೆ. ಇಂತಹ ಊರಿಗೆ ಚರಿತ್ರೆಯ ವಿದ್ಯಾರ್ಥಿಗಳು ಹೋಗುವುದು ಸಾಮಾನ್ಯವಾಗಿ ಶಾಸನವನ್ನೋ ಓಲೆಗರಿಯನ್ನೋ ಅರಸಿಕೊಂಡು. ನಾವು 2020ರಲ್ಲಿ ಅಲ್ಲಿಗೆ ಹೋದುದು ಕೆಟ್ಟು ನಿಂತ ಒಂದು ಗಣಕಯಂತ್ರವನ್ನು ನೋಡಲೆಂದು. ಇದರ ವಿಚಾರವನ್ನು ಈ ಸಂಚಿಕೆಯಲ್ಲಿ ಬರೆಯುವುದು ಯುಕ್ತವೇ ಎಂದು ಓದುಗರು ಕೇಳಬಹುದು. ಆ ಯಂತ್ರದ ಬಿಡಿಭಾಗಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಅದು ನಿಂತುದಕ್ಕೆ ಕಾರಣವು ಸುಮಾರು 40 ವರ್ಷಗಳ ಒಂದು ಚರಿತ್ರೆಯಲ್ಲಿ ಅಡಗಿದ್ದಿತು. ಇಷ್ಟೇ ನಮ್ಮ ಸಮಾಧಾನ.

ಯಂತ್ರದ ಒಡೆಯರು ಸರ್ಕಾರಿ ಪ್ರೌಢಶಾಲೆಯಿಂದ ನಿವೃತ್ತರಾದ ಉಪಾಧ್ಯಾಯರು. ಅವರ ಹಿರಿಯರು ಶಾನುಭೋಗಿಕೆ ನಡೆಸಿದವರು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆಯು ನಿಂತಿತಾದರೂ, ಹಳೆಯ ಲೆಕ್ಕಪತ್ರಗಳು ಎಷ್ಟೋ ಮನೆಗಳ ಅಟ್ಟದಲ್ಲಿಯೇ ಉಳಿದುಕೊಂಡವು. ಈ ಮನೆಯಲ್ಲಿ ಕಾಗದದ ಕಟ್ಟುಗಳಲ್ಲದೆ ಕೆಲವು ಕಡತಗಳೂ ಇದ್ದವು. ಕಡತವೆಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಲಿನಿಂದ ಹದಮಾಡಿದ ಬಟ್ಟೆಯ ಮಡಿಕೆಪುಸ್ತಕವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಉಪಾಧ್ಯಾಯರು ಇವೆಲ್ಲವನ್ನೂ ವರ್ಷಗಟ್ಟಲೆ ಸಾವಧಾನವಾಗಿ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ತುಂಬಿದ್ದರು. ಅನಂತರ ಕಟ್ಟುಗಳಲ್ಲಿ ಹಲವನ್ನು ಗೆದ್ದಲು ತಿಂದುಹಾಕಿತು. ಆದುದರಿಂದ ಆ ಪುಟಗಳಿಗೆ ಉಳಿದ ಆಧಾರವು ಯಂತ್ರದೊಳಗಿನ ಚಿತ್ರಗಳು ಮಾತ್ರವೇ ಆಗಿದ್ದಿತು. ಅವುಗಳ ಬೇರೊಂದು ಪ್ರತಿಯನ್ನು ಅವರು ಮಾಡಿಟ್ಟಿರಲಿಲ್ಲ. ಈ ದೋಷವನ್ನು ನಾವು ಅವರೊಬ್ಬರ ಮೇಲೆ ಹೊರಿಸಲಾರೆವು. ನಮ್ಮಲ್ಲಿಯೂ ಅನೇಕರು ಹಾಗೆಯೇ ನಡೆದುಕೊಳ್ಳುತ್ತೇವೆ.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ 2010ರ ದಶಕದಲ್ಲಿ ನಡೆದ ತರಬೇತಿಗಳಲ್ಲಿ ಉಬುಂಟು ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಲಿಸಿದುದುಂಟು. ಈ ಉಪಾಧ್ಯಾಯರೂ ಅಲ್ಲಿ ಕಲಿತು ತಮ್ಮ ಮನೆಯ ಯಂತ್ರದಲ್ಲಿ ಅದನ್ನೇ ಇಟ್ಟುಕೊಂಡಿದ್ದರು. 2020ರ ಆಗಸ್ಟ್ ತಿಂಗಳಿನಲ್ಲಿ ಉಬುಂಟುವಿನ 18.04ನೆಯ ಆವೃತ್ತಿಯಿಂದ 20.04ನೆಯ ಆವೃತ್ತಿಗೆ ಏರಬಹುದೆಂಬ ಸೂಚನೆ ತೆರೆಯ ಮೇಲೆ ಮೂಡಿತು. ಅವರು ಒಪ್ಪಿಗೆಯ ಗುಂಡಿಯನ್ನು ಒತ್ತಿದರು. ಎರಡು ಗಂಟೆಗಳ ತರುವಾಯ ಯಂತ್ರವು ತಾನಾಗಿ ಆರಿ ಮತ್ತೆ ಹೊತ್ತಿದಾಗ, ಕಪ್ಪು ತೆರೆಯ ಮೇಲೆ ‘ಗ್ರಬ್_ಕ್ಯಾಲಕ್’ ಎಂಬ ಸಂಕೇತವು ದೊರೆಯಲಿಲ್ಲವೆಂಬ ಒಂದು ಸಾಲೂ, ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದಗಳೂ ಮಾತ್ರ ಉಳಿದವು. ತಾಲ್ಲೂಕು ಕೇಂದ್ರದ ಒಂದು ಅಂಗಡಿಯವರು ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಬೇಕೆಂದು ತಿಳಿಸಿದರು. “ಎಲ್ಲಾ ಹೋಯಿತು ಸಾರ್” ಎಂದು ಉಪಾಧ್ಯಾಯರು ದೂರವಾಣಿಯಲ್ಲಿ ಹೇಳಿದ ಮೇಲೆ, ಏನನ್ನೂ ಅಳಿಸಗೊಡಬೇಡಿರೆಂದು ಅವರನ್ನು ಕೇಳಿಕೊಂಡು ನಾವು ಹೊರಟೆವು.

ಏನು ಹೋಗಿದೆ ಎಂದು ಹೇಳುವ ಮೊದಲು ಯಂತ್ರವು ಹೇಗೆ ಆರಂಭವಾಗುತ್ತದೆಂಬುದನ್ನು ತಿಳಿಯಬೇಕು. ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದರ ಸ್ಮೃತಿಯಲ್ಲಿ ಆದೇಶಗಳು ಇದ್ದರೆ ಅವುಗಳನ್ನು ನಡೆಸುತ್ತದೆ. ಆದೇಶಗಳು ಡಿಸ್ಕಿನಲ್ಲಿವೆ. ಅವುಗಳನ್ನು ಡಿಸ್ಕಿನಿಂದ ಸ್ಮೃತಿಗೆ ತರುವುದಕ್ಕೂ ಆದೇಶವು ಬೇಕು. ಆ ಆದೇಶವು ಎಲ್ಲಿಂದ ಬರಬೇಕು? ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುವುದುಂಟು. ತರ್ಕತಾಂಡವವನ್ನು ರಚಿಸಿದ ವ್ಯಾಸತೀರ್ಥರ ಪರಂಪರೆಯ ಊರಿನಲ್ಲಿ ಈ ನ್ಯಾಯವನ್ನು ನೆನೆಯುವುದು ಅಸಂಗತವಾಗಲಾರದು. ಇಂಗ್ಲಿಷಿನಲ್ಲಿ ಇದೇ ಅಸಾಧ್ಯವನ್ನು, ಕಾಲಿಗೆ ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಮಾತಿನಿಂದ ಸೂಚಿಸುತ್ತಾರೆ. 1950ರ ದಶಕದ ಯಂತ್ರತಜ್ಞರು ಆ ಮಾತನ್ನೇ ಎತ್ತಿಕೊಂಡರು. ಬೂಟ್ ಎಂಬ ಶಬ್ದವೂ, ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸುವ ಕಿರುಕ್ರಮಕ್ಕೆ ಬೂಟ್‌ಲೋಡರ್ ಎಂಬ ಹೆಸರೂ ಬಂದುದು ಹೀಗೆ.

ಆದಿಯಲ್ಲಿ ಈ ಕೆಲಸವು ಮನುಷ್ಯನ ಕೈಯಿಂದಲೇ ನಡೆಯುತ್ತಿದ್ದಿತು. 1952ರಲ್ಲಿ ಪ್ರಕಟವಾದ ಐ.ಬಿ.ಎಂ. 701 ಯಂತ್ರದಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಇಸ್ಪೀಟಿನಂತಹ ರಂಧ್ರಪತ್ರದಿಂದಲೋ ಸುರುಳಿಯಿಂದಲೋ ಮೊದಲ ಪದವು ಒಳಕ್ಕೆ ಬಂದು ಮಿಕ್ಕುದನ್ನು ಎಳೆದುಕೊಳ್ಳುತ್ತಿದ್ದಿತು. 1964ರ 360 ಶ್ರೇಣಿಯಲ್ಲಿ ಯಾವ ಸಾಧನದಿಂದ ಆರಂಭಿಸಬೇಕೆಂಬುದನ್ನು ತಿರುಗುಗುಂಡಿಗಳಿಂದ ಸೂಚಿಸಿದರೆ, ಅಲ್ಲಿಂದ ಮೊದಲು 24 ಬೈಟುಗಳು ಮಾತ್ರ ಬರುತ್ತಿದ್ದವು. ಮುಂದಿನ ದಾರಿಯನ್ನು ಅವೇ ತೋರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1970ರ ದಶಕದಲ್ಲಿ ಕೆಲಸ ಮಾಡಿದ 360/44 ಯಂತ್ರವು ಈ ಶ್ರೇಣಿಯದೇ. 1965ರ ಪಿ.ಡಿ.ಪಿ.–8 ಎಂಬ ಚಿಕ್ಕ ಯಂತ್ರದ ಕ್ರಮವಂತೂ ಇನ್ನೂ ಸ್ವಾರಸ್ಯವಾದುದು. ನಿರ್ವಾಹಕನು ಮುಂಭಾಗದ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ತಳ್ಳಿ ಸುಮಾರು 16 ಪದಗಳನ್ನು ಒಂದೊಂದಾಗಿ ಸ್ಮೃತಿಗೆ ಇಳಿಸಬೇಕಾಗಿದ್ದಿತು. ಇದನ್ನು ದಿನವೂ ಮಾಡಿದವರಿಗೆ ಅದು ಸಂಧ್ಯಾವಂದನೆಯಂತೆ ಬಾಯಿಪಾಠವಾಗಿದ್ದಿರಬೇಕು. ಇಲ್ಲಿ ಬೂಟ್‌ಲೋಡರ್ ಮನುಷ್ಯನ ನೆನಪಿನಲ್ಲಿದ್ದಿತು. ಯಂತ್ರದ ವ್ಯವಸ್ಥೆ ಬದಲಾದರೆ ಆತನಿಗೆ ತಿಳಿದೇ ತಿಳಿಯುತ್ತಿದ್ದಿತು.

ಮನೆಗಳಿಗೆ ಬಂದ ಯಂತ್ರಗಳಲ್ಲಿ ಈ ನೆನಪನ್ನು ಡಿಸ್ಕಿನ ಒಂದು ಮೂಲೆಗೆ ವರ್ಗಾಯಿಸಿದರು. ನಮ್ಮ ಕಥೆಯ ನಿಜವಾದ ಬೇರು ಇಲ್ಲಿದೆ. 1981ರ ಆಗಸ್ಟ್ 12ರಂದು ಪ್ರಕಟವಾದ ಐ.ಬಿ.ಎಂ. ಪಿ.ಸಿ.ಯಲ್ಲಿ ಬಯೊಸ್ ಎಂಬ ಸ್ಥಿರವಾದ ಆದೇಶಸಮೂಹವು ಒಂದು ಚಿಪ್ಪಿನಲ್ಲಿ ಕೂತಿದ್ದಿತು. ವಿದ್ಯುತ್ ಹರಿದೊಡನೆ ಅದು ಎದ್ದು ಡಿಸ್ಕಿನ ಮೊತ್ತಮೊದಲ ಖಂಡವನ್ನು ಸ್ಮೃತಿಗೆ ತಂದು, ಅಧಿಕಾರವನ್ನು ಅದಕ್ಕೆ ಒಪ್ಪಿಸಿ ಸುಮ್ಮನಾಗುತ್ತಿದ್ದಿತು. ಖಂಡದ ಅಳತೆ 512 ಬೈಟುಗಳು. 1983ರಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ಹೊತ್ತು ಪಿ.ಸಿ. ಎಕ್ಸ್.ಟಿ. ಬಂದಾಗ, ಡಿಸ್ಕನ್ನು ನಾಲ್ಕು ಪಾಲುಗಳವರೆಗೆ ಹಂಚಬಹುದೆಂದು ಗೊತ್ತುಮಾಡಿ, ಆ ಹಂಚಿಕೆಯ ಪಟ್ಟಿಯನ್ನೂ ಇದೇ ಖಂಡದಲ್ಲಿ ಸೇರಿಸಿದರು. ಪಾಲೊಂದಕ್ಕೆ 16ರಂತೆ ಪಟ್ಟಿಗೆ 64 ಬೈಟು. ಕೊನೆಯಲ್ಲಿ ಗುರುತಿಗೆ 2 ಬೈಟು. ಆರಂಭದ ಆದೇಶಗಳಿಗೆ ಉಳಿದುದು 446 ಬೈಟು ಮಾತ್ರ.

ಆ ಎರಡು ಬೈಟಿನ ಗುರುತು ನಮಗೆ ಬಹಳ ಪರಿಚಿತವಾದ ಒಂದು ಪದ್ಧತಿಯನ್ನು ನೆನಪಿಗೆ ತರುತ್ತದೆ. ವಿಜಯನಗರದ ತಾಮ್ರಶಾಸನಗಳಲ್ಲಿ ಪಾಠವೆಲ್ಲ ಸಾಮಾನ್ಯವಾಗಿ ನಂದಿನಾಗರಿಯಲ್ಲಿದ್ದು, ತುದಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವು ಮಾತ್ರ ಕನ್ನಡ ಅಕ್ಷರಗಳಲ್ಲಿ ಇರುವುದುಂಟು. ಅಂಕಿತವಿದ್ದರೆ ದಾನವು ಸಿದ್ಧ. ಬಯೊಸ್ ಕೂಡ ಹಾರ್ಡ್ ಡಿಸ್ಕಿನ ಮೊದಲ ಖಂಡದ ತುದಿಯನ್ನು ನೋಡುತ್ತದೆ, 55, ಎ.ಎ. ಎಂಬ ಎರಡು ಸಂಖ್ಯೆಗಳು ಅಲ್ಲಿದ್ದರೆ ಒಳಗಿನ ಪಾಠವನ್ನು ಪರೀಕ್ಷಿಸದೆ ನಂಬಿಬಿಡುತ್ತದೆ. ಒಳಗೆ ಬರೆದುದು ಹೊಸದೋ ಹಳೆಯದೋ, ಇಂದಿನ ವ್ಯವಸ್ಥೆಗೆ ಸಲ್ಲುವುದೋ ಇಲ್ಲವೋ ಎಂಬ ವಿಚಾರಣೆಯಿಲ್ಲ. ಅಂಕಿತವು ಪಾಠದ ಪ್ರಾಮಾಣ್ಯವನ್ನು ಸ್ಥಾಪಿಸದೆಂದು ಕೂಟಶಾಸನಗಳನ್ನು ಕಂಡ ನಾವು ಬಲ್ಲೆವು. ಯಂತ್ರಕ್ಕೆ ಈ ಸಂಶಯವು ಹುಟ್ಟಲು ಇನ್ನು 30 ವರ್ಷಗಳು ಹಿಡಿದವು.

446 ಬೈಟುಗಳಲ್ಲಿ ಹೆಚ್ಚೇನನ್ನೂ ಹೇಳಲಾಗದು. ಮುಂದಿನ ಹಂತ ಎಲ್ಲಿದೆಯೆಂದು ಬೆರಳು ತೋರಿಸಬಹುದು, ಅಷ್ಟೆ. ಆ ಬೆರಳು ಹೇಗೆ ತೋರಿಸಬೇಕೆಂಬುದರಲ್ಲಿ ಎರಡು ಸಂಪ್ರದಾಯಗಳು ಬೆಳೆದವು. 1991ರಲ್ಲಿ ಲಿನಕ್ಸ್ ಹುಟ್ಟಿದ ಮರುವರ್ಷವೇ ವರ್ನರ್ ಅಲ್ಮೆಸ್‌ಬರ್ಗರ್ ಎಂಬವರು ಲಿಲೊ ಎಂಬ ಬೂಟ್‌ಲೋಡರನ್ನು ರಚಿಸಿದರು. ಅದು ಕಡತಗಳ ಹೆಸರನ್ನು ಅರಿಯದು. ಡಿಸ್ಕಿನ ಇಂತಹ ಸಂಖ್ಯೆಯ ಖಂಡಗಳಲ್ಲಿ ವ್ಯವಸ್ಥೆಯ ತಿರುಳು ಇದೆಯೆಂದು ಬರೆದಿಟ್ಟುಕೊಳ್ಳುತ್ತದೆ. ಹಳೆಯ ಕ್ರಯಪತ್ರದ ಚಕ್ಕುಬಂದಿಯಂತೆ ಇದು: ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹುಣಿಸೆಯ ಮರ. ಮರವನ್ನು ಕಡಿದರೆ ಪತ್ರವು ಸುಳ್ಳಾಗುವುದಿಲ್ಲ, ಆದರೆ ಉಪಯೋಗಕ್ಕೂ ಬಾರದು. ವ್ಯವಸ್ಥೆಯನ್ನು ಹೊಸದು ಮಾಡಿದಾಗ ತಿರುಳು ಡಿಸ್ಕಿನ ಬೇರೆ ಜಾಗಕ್ಕೆ ಹೋಗುತ್ತಿದ್ದಿತು. ಲಿಲೊವನ್ನು ಮತ್ತೊಮ್ಮೆ ಬರೆಯಲು ಮರೆತವರ ಯಂತ್ರವು ಏಳುತ್ತಿರಲಿಲ್ಲ. 1995ರಲ್ಲಿ ಎರಿಕ್ ಬೊಲೀನ್ ಆರಂಭಿಸಿದ ಗ್ರಬ್ ಈ ತೊಡಕನ್ನು ನಿವಾರಿಸಲು ಬಂದಿತು. ಅದು ಡಿಸ್ಕಿನ ಕಡತವ್ಯವಸ್ಥೆಯನ್ನು ಓದಬಲ್ಲುದು, ತಿರುಳನ್ನು ಹೆಸರಿನಿಂದ ಕರೆಯಬಲ್ಲುದು. ಇದೇ ಕಾಲದಲ್ಲಿ ವಿಂಡೋಸ್ ವ್ಯವಸ್ಥೆಯನ್ನು ಸ್ಥಾಪಿಸುವಾಗ ಅದು ಯಾರನ್ನೂ ಕೇಳದೆ 446 ಬೈಟುಗಳ ಮೇಲೆ ತನ್ನದನ್ನು ಬರೆದುಬಿಡುತ್ತಿದ್ದಿತು. ಪಾಲುಪಟ್ಟಿ ಉಳಿಯುತ್ತಿದ್ದಿತು; ನೆರೆಯ ವ್ಯವಸ್ಥೆಯ ಬಾಗಿಲು ಮಾತ್ರ ಮುಚ್ಚಿಹೋಗುತ್ತಿದ್ದಿತು. ಎರಡು ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿಟ್ಟ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಗ್ರಬ್‌ನಿಂದ ಒಂದು ತೊಡಕು ಹೋಗಿ ಇನ್ನೊಂದು ಬಂದಿತು. ಇಷ್ಟು ಬಲ್ಲ ಕ್ರಮವು 446 ಬೈಟುಗಳಲ್ಲಿ ಹಿಡಿಯುವಂತಿಲ್ಲ. ಹಳೆಯ ಡಿಸ್ಕುಗಳಲ್ಲಿ ಮೊದಲ ಪಾಲು 63ನೆಯ ಖಂಡದಿಂದ ಆರಂಭವಾಗುವ ರೂಢಿ ಇದ್ದುದರಿಂದ, ಮೊದಲ ಖಂಡಕ್ಕೂ ಅದಕ್ಕೂ ನಡುವೆ 62 ಖಂಡಗಳು, ಎಂದರೆ 31 ಕಿಲೊಬೈಟುಗಳು, ಯಾರಿಗೂ ಸೇರದ ಬೀಳುನೆಲವಾಗಿ ಉಳಿದಿದ್ದವು. ಗ್ರಬ್ ತನ್ನ ಹೃದಯಭಾಗವನ್ನು ಅಲ್ಲಿ ಇರಿಸಿತು. ಉಳಿದ ಅಂಗಗಳು ಕಾರ್ಯಾಚರಣ ವ್ಯವಸ್ಥೆಯ ಪಾಲಿನೊಳಗೆ ಸಾಮಾನ್ಯ ಕಡತಗಳಾಗಿ ಇರುತ್ತವೆ. ಹೀಗೆ ಒಂದು ಕೃತಿಯು ಎರಡು ಕಟ್ಟುಗಳಾಗಿ ಎರಡು ಕಡೆ ಉಳಿಯಿತು. ವ್ಯವಸ್ಥೆಯ ಉನ್ನತೀಕರಣವು ಎರಡನ್ನೂ ಒಟ್ಟಿಗೆ ಹೊಸದು ಮಾಡಬೇಕು. ಅಂಗಗಳಿರುವ ಸ್ಥಳವು ಅದಕ್ಕೆ ಯಾವಾಗಲೂ ಗೊತ್ತು. ಹೃದಯವು ಯಾವ ಡಿಸ್ಕಿನ ತಲೆಯಲ್ಲಿದೆಯೆಂಬುದನ್ನು ಮಾತ್ರ, ಹಿಂದೊಮ್ಮೆ ಯಾರೋ ಕೊಟ್ಟ ಉತ್ತರವನ್ನು ನಂಬಿಯೇ ನಿರ್ಧರಿಸಬೇಕು.

ಸೋಸಲೆಯ ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದವು. ಮೊದಲಿನದು ಸಣ್ಣದು, ಹಳೆಯದು. ಚಿತ್ರಗಳು ಹೆಚ್ಚಿದಂತೆ ಇನ್ನೊಂದನ್ನು ಸೇರಿಸಿ, ವ್ಯವಸ್ಥೆಯನ್ನು ಅದಕ್ಕೆ ಸಾಗಿಸಿ, ಆಗ ಗ್ರಬ್ಬನ್ನು ಎರಡರ ತಲೆಯಲ್ಲೂ ಬರೆದಿದ್ದರು. ಅಂದಿನಿಂದ ಬಯೊಸ್ ಹಳೆಯ ಡಿಸ್ಕಿನಿಂದಲೇ ಆರಂಭಿಸುತ್ತಿದ್ದಿತು. ಉನ್ನತೀಕರಣಗಳು ಮಾತ್ರ ಹೊಸ ಡಿಸ್ಕಿನ ತಲೆಯನ್ನೇ ತಿದ್ದುತ್ತಿದ್ದವು. ಹಳೆಯ ಹೃದಯವು ಹೊಸ ಅಂಗಗಳೊಡನೆ ವರ್ಷಗಳ ಕಾಲ ಹೇಗೋ ಹೊಂದಿಕೊಂಡು ನಡೆದಿತ್ತೆಂಬುದೇ ಆಶ್ಚರ್ಯ. ಆ ಹೊಂದಿಕೆಯನ್ನು ಮುರಿದ ಘಟನೆಯ ದಿನವನ್ನು ನಿಖರವಾಗಿ ಹೇಳಬಹುದು. 2020ರ ಜುಲೈ 29ರಂದು, ಗ್ರಬ್ ತನ್ನ ಸಂರಚನಾ ಕಡತವನ್ನು ಓದುವ ಕ್ರಮದಲ್ಲಿ ದೊಡ್ಡ ರಂಧ್ರವೊಂದಿದೆಯೆಂದು ಎಕ್ಲಿಪ್ಸಿಯಂ ಸಂಸ್ಥೆಯವರು ಪ್ರಕಟಿಸಿದರು. ಅದಕ್ಕೆ ಬೂಟ್‌ಹೋಲ್ ಎಂದು ಹೆಸರಾಯಿತು. ಅದೇ ದಿನ ತಿದ್ದುಪಡಿಗಳು ಹೊರಟವು. ಸ್ಮೃತಿಯಲ್ಲಿ ಸ್ಥಳವನ್ನು ಕೇಳುವಾಗ ಅಳತೆಯ ಗುಣಾಕಾರವು ಮಿತಿಮೀರುವುದೇ ಎಂದು ನೋಡಿ ಕೊಡುವ ಒಂದು ಹೊಸ ಕಾರ್ಯವನ್ನು ಹೃದಯಭಾಗದಲ್ಲಿ ಸೇರಿಸಿದರು. ಅದರ ಹೆಸರೇ ಗ್ರಬ್_ಕ್ಯಾಲಕ್. ಹೊಸ ಅಂಗಗಳು ಆ ಹೆಸರನ್ನು ಕರೆದವು. ಹಳೆಯ ಹೃದಯದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಇದೇ ಸಂದೇಶವು ಆ ವಾರಗಳಲ್ಲಿ ಹಲವು ದೇಶಗಳಲ್ಲಿ ಡೆಬಿಯನ್ ಮತ್ತು ಉಬುಂಟು ಬಳಸುವವರ ತೆರೆಗಳ ಮೇಲೆ ಮೂಡಿತು. ಸೆಂಟ್‌ಓಎಸ್ ಬಳಸುತ್ತಿದ್ದವರಲ್ಲಿ ಕೆಲವರ ಯಂತ್ರಗಳು, ಅದೇ ತಿದ್ದುಪಡಿಯ ದೆಸೆಯಿಂದ ಬೇರೆ ರೀತಿಯಲ್ಲಿ ನಿಂತವು.

ಇಷ್ಟು ತಿಳಿದ ಮೇಲೆ ಚಿಕಿತ್ಸೆಯು ಕಷ್ಟವಲ್ಲ. ಆದರೆ ಅದರ ಕ್ರಮವು ಮುಖ್ಯ. ಪೆನ್‌ಡ್ರೈವಿನಲ್ಲಿ ತುಂಬಿ ತಂದಿದ್ದ ಉಬುಂಟುವಿನಿಂದ ಯಂತ್ರವನ್ನು ಎಬ್ಬಿಸಿದೆವು. ಎರಡು ಡಿಸ್ಕುಗಳೂ ಕಾಣಿಸಿಕೊಂಡವು. ಹೊಸ ಡಿಸ್ಕಿನ ಪಾಲನ್ನು ಓದಲು ಮಾತ್ರ ಅವಕಾಶವಿರುವಂತೆ ತೆರೆದಾಗ ಚಿತ್ರಗಳೆಲ್ಲ ಇದ್ದಲ್ಲಿಯೇ ಇದ್ದವು. ಉಪಾಧ್ಯಾಯರು ಆಗ ಕುರ್ಚಿಯಲ್ಲಿ ಕುಳಿತರು. ಅಲ್ಲಿಯವರೆಗೆ ನಿಂತೇ ಇದ್ದರು. ನಾವು ಮೊದಲು ಮಾಡಿದ ಕೆಲಸವು ಆ ಚಿತ್ರಗಳನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿದುದು. ಇದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಅನಂತರ ಎರಡು ಡಿಸ್ಕುಗಳ ತಲೆಭಾಗಗಳನ್ನು ಬೇರೆ ಬೇರೆ ಕಡತಗಳಾಗಿ ಉಳಿಸಿಕೊಂಡು ಹೋಲಿಸಿದೆವು. ಗ್ರಂಥಸಂಪಾದನೆಯಲ್ಲಿ ಎರಡು ಪ್ರತಿಗಳ ಪಾಠಾಂತರವನ್ನು ಗುರುತಿಸುವ ಕೆಲಸವೇ ಇದು. ಎರಡೂ ಬೇರೆ ಬೇರೆ ಎಂಬುದು ಸ್ಪಷ್ಟವಾಯಿತು. ಗ್ರಬ್_ಕ್ಯಾಲಕ್ ಇರುವುದು ಹೊಸ ಡಿಸ್ಕಿನ ಪ್ರತಿಯಲ್ಲಿಯೇ ಎಂದು ನಾವು ಊಹಿಸಿದೆವು.

ಊಹೆಯನ್ನು ಪರೀಕ್ಷಿಸಲು ಒಂದು ಅಕ್ಷರವನ್ನೂ ಬರೆಯಬೇಕಾಗಿರಲಿಲ್ಲ. ಬಯೊಸಿನ ಪಟ್ಟಿಯಲ್ಲಿ ಹೊಸ ಡಿಸ್ಕನ್ನು ಮೊದಲಿಗೆ ತಂದು ಯಂತ್ರವನ್ನು ಹೊತ್ತಿಸಿದೆವು. 20.04ನೆಯ ಆವೃತ್ತಿಯು ಏನೂ ನಡೆಯದಿದ್ದಂತೆ ತೆರೆದುಕೊಂಡಿತು. ಇಲ್ಲಿಗೆ ನಿಲ್ಲಿಸಿದ್ದರೂ ಸಾಕಾಗುತ್ತಿದ್ದಿತು. ಆದರೆ ಹಳೆಯ ಯಂತ್ರಗಳಲ್ಲಿ ತಾಯಿಹಲಗೆಯ ಬಿಲ್ಲೆಬ್ಯಾಟರಿಯು ಸೋತರೆ ಬಯೊಸಿನ ಈ ಕ್ರಮವು ಮರೆತುಹೋಗಿ ಮತ್ತೆ ಹಳೆಯ ಡಿಸ್ಕೇ ಮೊದಲಾಗಬಹುದು. ಆದುದರಿಂದ ಎದ್ದ ವ್ಯವಸ್ಥೆಯೊಳಗಿನಿಂದಲೇ ‘ಗ್ರಬ್-ಇನ್‌ಸ್ಟಾಲ್’ ಆದೇಶದ ಮೂಲಕ ಹಳೆಯ ಡಿಸ್ಕಿನ ತಲೆಯನ್ನೂ ಹೊಸದು ಮಾಡಿದೆವು. ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಎಂಬ ಆದೇಶವನ್ನು ಕೊಟ್ಟು, ಯಾವ ಡಿಸ್ಕುಗಳಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಎರಡನ್ನೂ ಗುರುತಿಸಿದೆವು. ಮುಂದಿನ ಉನ್ನತೀಕರಣಗಳು ಎರಡನ್ನೂ ತಿದ್ದುವುವು. ನಕಲು ಮಾಡುವ ಹೊತ್ತನ್ನು ಬಿಟ್ಟರೆ ಇದೆಲ್ಲಕ್ಕೂ ಅರ್ಧ ಗಂಟೆ ಹಿಡಿದಿರಲಾರದು. ಅಂಗಡಿಯ ಸಲಹೆಯಂತೆ ನಡೆದಿದ್ದರೂ ಯಂತ್ರವು ಏಳುತ್ತಿದ್ದಿತು. ಒರಸಿದ ಕಡತದ ಮೇಲೆ ಹೊಸ ಲೆಕ್ಕವನ್ನು ಬರೆದಂತೆ. ಅಂಗಡಿಯವರನ್ನು ಮೂದಲಿಸುವ ಮನಸ್ಸು ನಮಗಿಲ್ಲ. ದಿನಕ್ಕೆ ಹತ್ತು ಯಂತ್ರಗಳನ್ನು ನೋಡುವವರಿಗೆ ಅಳಿಸುವುದು ಎಲ್ಲ ರೋಗಕ್ಕೂ ಸಲ್ಲುವ ಒಂದೇ ಮದ್ದಾಗಿ ಕಾಣುವುದು ಸಹಜ. ಆ ಮದ್ದಿನ ಬೆಲೆಯನ್ನು ತೆರುವವರು ಬೇರೆಯವರೆಂಬುದೊಂದೇ ಅದರ ಕೊರತೆ.

ಯಂತ್ರವು ಅಂಕಿತವನ್ನು ಮಾತ್ರ ನೋಡುತ್ತಿದ್ದಿತೆಂದು ಮೇಲೆ ಹೇಳಿದೆವಷ್ಟೆ. 2005ರಲ್ಲಿ ರೂಪುಗೊಂಡ ಒಕ್ಕೂಟವು ಬಯೊಸಿಗೆ ಬದಲಾಗಿ ಯು.ಇ.ಎಫ್.ಐ. ಎಂಬ ಕ್ರಮವನ್ನು ಬೆಳೆಸಿತು. ಇದರಲ್ಲಿ ಬೂಟ್‌ಲೋಡರ್ ಬೀಳುನೆಲದಲ್ಲಿ ಅಡಗಿರದೆ, ಅದಕ್ಕೆಂದೇ ಬಿಟ್ಟ ಪಾಲಿನಲ್ಲಿ ಹೆಸರುಳ್ಳ ಕಡತವಾಗಿರುತ್ತದೆ. ಯಾವ ಕಡತವನ್ನು ಕರೆಯಬೇಕೆಂಬುದನ್ನು ಯಂತ್ರವು ತನ್ನ ಸ್ವಂತ ಸ್ಮೃತಿಯಲ್ಲಿ ಬರೆದುಕೊಂಡಿರುತ್ತದೆ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಸೆಕ್ಯೂರ್ ಬೂಟ್ ಎಂಬ ಪರೀಕ್ಷೆಯೂ ವ್ಯಾಪಕವಾಯಿತು. ಕಡತದ ಮೇಲಿನ ಗಣಿತಸಹಿಯು ತನಗೆ ಒಪ್ಪಿತವಾದ ಕೀಲಿಯದೇ ಎಂದು ಯಂತ್ರವು ನೋಡುತ್ತದೆ. ಕೂಟಶಾಸನವನ್ನು ತಡೆಯುವ ಈ ಏರ್ಪಾಡು ಸ್ವಾಗತಾರ್ಹವೇ. ಆದರೆ ಉನ್ನತೀಕರಣದ ಹಳೆಯ ಕಂಟಕವು ಇದರಿಂದಲೂ ತೀರಲಿಲ್ಲ. 2024ರ ಆಗಸ್ಟ್ 13ರಂದು ಹೊರಟ ವಿಂಡೋಸ್ ತಿದ್ದುಪಡಿಯು ಹಳೆಯ ಬೂಟ್‌ಲೋಡರುಗಳನ್ನು ಅನರ್ಹವೆಂದು ಯಂತ್ರದ ಸ್ಮೃತಿಯಲ್ಲಿ ಬರೆದಾಗ, ಅದೇ ಯಂತ್ರಗಳಲ್ಲಿ ನೆರೆಯಾಗಿದ್ದ ಲಿನಕ್ಸ್ ಅನೇಕರಿಗೆ ಏಳದೆ ಹೋಯಿತು. ಅಲ್ಲಿಯೂ ಕೆಟ್ಟುದು ಬಾಗಿಲು; ಮನೆಯಲ್ಲ. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿನ ಬೂಟ್‌ಲೋಡರನ್ನು ಹೊಸದು ಮಾಡಿಕೊಂಡು ಹಲವರು ಪಾರಾದರು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆಯು ಕೊನೆಗೊಂಡಿತು. ಮುಂದಿನ ಆವೃತ್ತಿಗೆ ಅರ್ಹವಲ್ಲದ ಯಂತ್ರಗಳು ಕಾಲೇಜುಗಳಲ್ಲಿಯೂ ಮನೆಗಳಲ್ಲಿಯೂ ಉಂಟು. ಅವುಗಳಲ್ಲಿ ಇನ್ನೊಂದು ವ್ಯವಸ್ಥೆಯನ್ನು ಇಡಲು ಬಯಸುವವರೂ ಉಂಟು. ಅಂತಹ ಯಂತ್ರವೊಂದರಲ್ಲಿ ಊರಿನ ದಾಖಲೆಗಳೋ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳೋ ಇದ್ದರೆ, ನಮ್ಮ ವಿದ್ಯಾರ್ಥಿಗಳು ಮೊದಲು ನಕಲು ಮಾಡಿ ಆಮೇಲೆ ಉನ್ನತೀಕರಣದ ಗುಂಡಿಯನ್ನು ಒತ್ತಬೇಕೆಂದು ಕೋರುತ್ತೇವೆ. ಈ ಕ್ರಮವನ್ನು ತಲೆಕೆಳಗೆ ಮಾಡಿದವರು ನಮ್ಮ ವಿಭಾಗದಲ್ಲಿಯೇ ಇದ್ದಾರೆ, ಹೆಸರು ಬೇಡ.

ಸೋಸಲೆಯಿಂದ ಹೊರಡುವ ಮುನ್ನ ಉಪಾಧ್ಯಾಯರು ಒಂದು ಕಾಗದದ ಚೂರಿನಲ್ಲಿ, ಯಾವ ಡಿಸ್ಕು ಹಳೆಯದು, ಯಾವುದು ಹೊಸದು, ಎರಡರ ತಲೆಯಲ್ಲೂ ಗ್ರಬ್ ಬರೆದ ದಿನ ಯಾವುದು ಎಂಬುದನ್ನು ದುಂಡಾದ ಅಕ್ಷರಗಳಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿದರು. ಕೆಳಗೆ ತಾರೀಖು ಹಾಕಿ ರುಜು ಮಾಡಿದರು. ಹೊರಗಿನ ಡಿಸ್ಕಿನ ನಕಲನ್ನು ಮೈಸೂರಿನಲ್ಲಿರುವ ಮಗಳ ಮನೆಯಲ್ಲಿ ಇಡುವುದಾಗಿ ತಿಳಿಸಿದರು. ಇನ್ನೊಂದು ನಕಲನ್ನು ಅವರ ಅನುಮತಿಯಿಂದ ನಾವು ತಂದಿದ್ದೇವೆ. ಕಡತಗಳ ಪಾಠವನ್ನು ಓದುವ ಕೆಲಸ ನಡೆದಿದೆ.